ಮಣಿಕಟ್ಟಿನ ಮೂಳೆ ಮುರಿತ: ಪ್ಲಾಸ್ಟರ್ ಸಾಕಾ, ಪ್ಲೇಟ್ ಬೇಕಾ?

ಮಲ್ಪೆ_ಕಡಲು: ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಅಂಗೈ ಊರಿ ಬಿದ್ದರೆ ರೇಡಿಯಸ್ ಮೂಳೆ (ಮುಂಗೈಯಲ್ಲಿ ಹೆಬ್ಬೆರಳ ಬದಿಯದು) ಮುರಿಯುತ್ತದಲ್ಲ, 60 ದಾಟಿದವರಿಗೆ ಆಪರೇಷನ್ ಯಾವಾಗ ಬೇಕು? ನಾಟಿ ಕಟ್ಟು ಸಾಲದೇ?

ಉಡುಪಿ_ಆರ್ಥೋ: ಮೂಳೆ ಜರುಗದಿದ್ದರೆ 5–6 ವಾರ ಪ್ಲಾಸ್ಟರ್ ಸಾಕು. ಹಿಂದಕ್ಕೆ ಬಾಗಿದ್ದರೆ ಮರಗಟ್ಟಿಸಿ, ಎಳೆದು ಕೂರಿಸುತ್ತಾರೆ. ಬಿರುಕು ಕೀಲಿನೊಳಗೆ ಹೋಗಿ ಮೇಲ್ಮೈ 2 ಮಿ.ಮೀ.ಗಿಂತ ಹೆಚ್ಚು ಏರುಪೇರಾದರೆ, ಅಥವಾ ಕೂರಿಸಿದ್ದು ನಿಲ್ಲದಿದ್ದರೆ ಆಪರೇಷನ್ ಮಾಡಿ ಲೋಹದ ಪ್ಲೇಟ್ ಕೂರಿಸುವ ಮಾತು. ವಯಸ್ಸಾದವರಲ್ಲಿ ಮೂಳೆ ತುಸು ಸೊಟ್ಟ ಕೂಡಿದರೂ ಕೈ ಕೆಲಸ ಸಾಮಾನ್ಯವಾಗಿ ನಡೆಯುತ್ತದೆ, ಎಕ್ಸ್‌ರೇ ನೋಡಿಯೇ ಗಾಬರಿಯಾಗಬೇಡಿ. ಆದರೆ ಮೊದಲ ಎರಡು ವಾರ ವಾರಕ್ಕೊಂದು ಎಕ್ಸ್‌ರೇ ತಪ್ಪಿಸಬಾರದು. ಬಾವು ಇಳಿದಾಗ ಪ್ಲಾಸ್ಟರ್ ಸಡಿಲಾಗಿ ಮೂಳೆ ಮತ್ತೆ ಜಾರುವುದು ಆಗಲೇ.

ನಾಟಿ ಕಟ್ಟಿನಲ್ಲಿ ನನಗೆ ಭಯ ಬಿಗಿತದ್ದು. ಬಾವು ಏರುವಾಗ ಬಿದಿರ ಪಟ್ಟಿ ಹಿಗ್ಗುವುದಿಲ್ಲ, ಒಳಗೆ ಒತ್ತಡ ಏರಿ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಆಸ್ಪತ್ರೆಯಲ್ಲೂ ಮೊದಲು ಅರ್ಧ ಸ್ಲ್ಯಾಬ್ (ಕೈಯನ್ನು ಪೂರ್ತಿ ಸುತ್ತದ ಪ್ಲಾಸ್ಟರ್) ಹಾಕುವುದು ಇದಕ್ಕೇ.

ಪಡುಬಿದ್ರಿ_ಫಿಸಿಯೋ: ಬಿದ್ದ ತಕ್ಷಣ ಬಳೆ, ಉಂಗುರ ತೆಗೆಯಿರಿ, ಆಮೇಲೆ ಕತ್ತರಿಸಬೇಕಾದೀತು. ಕೈ ಎದೆಯ ಮಟ್ಟಕ್ಕಿಂತ ಮೇಲಿರಲಿ. ಬೆರಳು, ಮೊಣಕೈ, ಭುಜ ಮೊದಲ ದಿನದಿಂದಲೇ ಆಡಿಸಿ. ಬೆರಳು ಜೋಮು ಹಿಡಿದರೆ, ನೀಲಿಯಾದರೆ, ಅಥವಾ ಬೇರೆಯವರು ನೇರ ಮಾಡಿದಾಗ ವಿಪರೀತ ನೋವಾದರೆ ಬೆಳಗಿನವರೆಗೆ ಕಾಯಬೇಡಿ, ಪ್ಲಾಸ್ಟರ್ ಸೀಳಿಸಿ.

ಉಡುಪಿ_ಆರ್ಥೋ: ಇನ್ನೊಂದು: ಎಕ್ಸ್‌ರೇ ಸರಿಯಿದ್ದೂ ಹೆಬ್ಬೆರಳ ಬುಡದ ಗುಳಿಯಲ್ಲಿ ಒತ್ತಿದರೆ ನೋವಿದ್ದರೆ ಸ್ಕೇಫಾಯ್ಡ್ ಎಂಬ ಮಣಿಕಟ್ಟಿನ ಸಣ್ಣ ಮೂಳೆ ಮುರಿದಿರಬಹುದು. ಸ್ಪ್ಲಿಂಟ್ ಹಾಕಿಸಿ, 10–14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸಿ.