ಪದಚರ್ಚೆ: ವೀಸಾ ಪತ್ರದ ‘ಟೈಸ್’ – ನಂಟೇ, ಆಸ್ತಿಪಾಸ್ತಿಯೇ?

ಮಾನ್ಯರೇ,

ಅಮೆರಿಕದ ವೀಸಾ ನಿರಾಕರಣೆಯ ಪತ್ರದಲ್ಲಿ ಬರುವ ‘ಟೈಸ್’ (ಇಂಗ್ಲಿಷಿನ ties, ಒಬ್ಬರನ್ನು ತಮ್ಮ ದೇಶಕ್ಕೆ ಕಟ್ಟಿಹಾಕುವ ಕೊಂಡಿಗಳು) ಎಂಬುದಕ್ಕೆ ಇಲ್ಲಿ ಕನ್ನಡ ಪದ ಕೇಳಿದವರ ಕರಪತ್ರ ನಾಳೆ ಅಚ್ಚಿಗೆ ಹೋಗಬೇಕಿದೆ. ಬಂದಿರುವ ಉತ್ತರಗಳಲ್ಲಿ ಹೆಚ್ಚಿನವು ‘ವೀಸಾ’ ಎಂಬ ಪದವನ್ನೇ ಕನ್ನಡದಿಂದ ಹೊರಹಾಕುವ ಜಗಳದಲ್ಲಿ ತೊಡಗಿವೆ. ಪ್ರಶ್ನೆ ಕೇಳಿದವರು ಅದನ್ನು ಕೇಳಿಲ್ಲ. ಸ್ವದೇಶದೊಂದಿಗೆ ಸಾಕಷ್ಟು ‘ಟೈಸ್’ ಇಲ್ಲವೆಂಬ ಕಾರಣಕ್ಕೆ ಅಮೆರಿಕದ ವೀಸಾ ಸಿಗದವರಿಗೆ ಆ ಮಾತನ್ನು ಕನ್ನಡದಲ್ಲಿ ಹೇಗೆ ತಿಳಿಸುವುದು, ಬೆಂಗಳೂರಿನ ಸಲಹಾ ಕೇಂದ್ರದ ಫಲಕದಲ್ಲಿ ಏನು ಬರೆಯುವುದು ಎಂದಷ್ಟೇ ಕೇಳಿದ್ದಾರೆ.

‘ಸಂಬಂಧ’ ಬೇಡ, ಗಂಡುಹೆಣ್ಣಿನ ಮಾತುಕತೆಯ ನೆನಪು ತರುತ್ತದೆ. ‘ಲಗತ್ತು’ ಎಂದವರು ಅರ್ಜಿಗೆ ನಾವು ಏನನ್ನು ಲಗತ್ತಿಸುತ್ತೇವೆ ಎಂಬುದನ್ನು ಯೋಚಿಸಬೇಕಿತ್ತು. ‘ಬಾಂಧವ್ಯ’ ಸಭೆಯ ಭಾಷಣಕ್ಕೆ ಸರಿ. ನಾನು ಹೇಳುವುದು ‘ನಂಟು’. ಅಪ್ಪಟ ದ್ರಾವಿಡ ಪದ, ತಮಿಳಿನ ‘ನಟ್ಪು’ ಇದರ ಒಡಹುಟ್ಟು. ತಮಿಳಿನಲ್ಲಿ ಅದು ಗೆಳೆತನದ ಕಡೆಗೆ ಹೋಯಿತು, ನಮ್ಮಲ್ಲಿ ‘ನೆಂಟ’, ‘ನೆಂಟಸ್ತಿಕೆ’ಗಳ ಕಡೆಗೂ ಬೆಳೆಯಿತು. ಊರಿನ ನಂಟು, ಕೆಲಸದ ನಂಟು, ಮಣ್ಣಿನ ನಂಟು – ಎಲ್ಲದಕ್ಕೂ ಸಲ್ಲುತ್ತದೆ.

ಇದಕ್ಕೆ ಬಂದ ಆಕ್ಷೇಪ: ‘ನಂಟು ಭಾವುಕ ಪದ, ಅಧಿಕಾರಿ ನೋಡುವುದು ಬ್ಯಾಂಕಿನ ಖಾತೆಯನ್ನು, ಆದ್ದರಿಂದ ಆಸ್ತಿಪಾಸ್ತಿ ಎಂದೇ ಬರೆಯಿರಿ.’ ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅಮೆರಿಕದ ವಿದೇಶಾಂಗ ಇಲಾಖೆಯೇ ಈ ಪದವನ್ನು ವಿವರಿಸುವಾಗ ಉದ್ಯೋಗ, ಮನೆಗಳ ಜೊತೆಗೆ ಕುಟುಂಬ ಮತ್ತು ಸ್ನೇಹಿತರನ್ನೂ ಹೆಸರಿಸುತ್ತದೆ. ಅವರ 1952ರ ವಲಸೆ ಕಾಯಿದೆಯ 214(ಬಿ) ಕಲಮಿನಲ್ಲಿ ಬಡವರಿಗೆ ವೀಸಾ ಇಲ್ಲ ಎಂಬ ಮಾತಿಲ್ಲ. ಅದು ಹೇಳುವುದು ಬೇರೆ: ಕೆಲವು ವರ್ಗಗಳನ್ನು ಬಿಟ್ಟರೆ, ತಾತ್ಕಾಲಿಕ ವೀಸಾ ಕೇಳುವ ಪ್ರತಿಯೊಬ್ಬರನ್ನೂ ಅಲ್ಲೇ ನೆಲೆಸಲು ಹೊರಟವರೆಂದು ಎಣಿಸಬೇಕು, ಹಾಗಲ್ಲವೆಂದು ಅಧಿಕಾರಿಗೆ ಮನದಟ್ಟು ಮಾಡುವುದು ಅರ್ಜಿದಾರರ ಹೊಣೆ. ಆಚರಣೆಯಲ್ಲಿ ಅದು ಬಡವರ ಮೇಲೆ ಬೀಳುತ್ತದೆ ಎನ್ನುವುದು ನಿಜ. ಆದರೆ ‘ಆಸ್ತಿ’ ಎಂದು ನಾವೇ ಬರೆದುಕೊಟ್ಟರೆ, ಆ ಆಚರಣೆಯನ್ನು ನಿಯಮವೆಂದು ನಾವೇ ಒಪ್ಪಿದಂತೆ.

ನಮ್ಮ ಊರಿನಲ್ಲಿ ಇದು ಕಾಣುವುದು ಬಾಣಂತನದ ವಿಷಯದಲ್ಲಿ. ಜಯನಗರದಲ್ಲಿ ಸ್ವಂತ ಮನೆ, ಪಿಂಚಣಿ, ಠೇವಣಿ ಇರುವ ತಾಯಿ ಮಗಳ ಬಾಣಂತನಕ್ಕೆ ಹೋಗಿಬರುತ್ತಾರೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿದು ಮಗಳನ್ನು ಎಂಜಿನಿಯರ್ ಮಾಡಿದ ತಾಯಿಗೆ ಬಾಡಿಗೆ ಕರಾರು ಬಿಟ್ಟರೆ ತೋರಿಸಲು ಕಾಗದವಿಲ್ಲ. ಗಂಡ, ಇನ್ನಿಬ್ಬರು ಮಕ್ಕಳು, ಅರ್ಧ ಕಟ್ಟಿದ ಚೀಟಿ, ಸ್ತ್ರೀಶಕ್ತಿ ಸಂಘದ ಸಾಲ ಎಲ್ಲವೂ ಇಲ್ಲಿವೆ. ಇಂಥವಳು ಮರಳುವುದಿಲ್ಲ ಎಂದು ಕೆಲವೇ ನಿಮಿಷಗಳ ಸಂದರ್ಶನದಲ್ಲಿ ತೀರ್ಮಾನಿಸುವುದು ಅನ್ಯಾಯ. ಅವಳ ನಂಟು ದೊಡ್ಡದು, ಕಾಗದ ಚಿಕ್ಕದು.

‘ವೀಸಾ ಯಾರ ಹಕ್ಕೂ ಅಲ್ಲ, ಬಾಗಿಲು ಅವರದು’ ಎಂದು ಒಬ್ಬರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಬಾಗಿಲು ಅವರದೇ, ಒಪ್ಪುತ್ತೇನೆ. ಆದರೆ ಸಂದರ್ಶಕ ವೀಸಾ ಅರ್ಜಿಗೆ 2023ರ ಜೂನ್‌ನಿಂದ 185 ಡಾಲರ್ ಶುಲ್ಕ. ವೀಸಾ ಸಿಗದಿದ್ದರೂ ಹಿಂದಿರುಗಿಸುವುದಿಲ್ಲ. 214(ಬಿ) ನಿರಾಕರಣೆಗೆ ಮೇಲ್ಮನವಿಯಿಲ್ಲ. ಮತ್ತೆ ಅರ್ಜಿ ಹಾಕಬಹುದು, ಮತ್ತೆ ಅಷ್ಟೇ ಶುಲ್ಕ. ಯುರೋಪಿನ ಷೆಂಗೆನ್ (ಒಂದೇ ವೀಸಾ ಒಪ್ಪುವ ದೇಶಗಳ ಗುಂಪು) ನಿಯಮವೂ ಜೀವನೋಪಾಯದ ಹಣ ತೋರಿಸದವರನ್ನು ತಡೆಯುತ್ತದೆ, ಆದರೆ ಕಾರಣವನ್ನು ಲಿಖಿತವಾಗಿ ಕೊಡುತ್ತದೆ, ಮೇಲ್ಮನವಿಗೆ ಅವಕಾಶವನ್ನೂ ಕೊಡುತ್ತದೆ. ಬಾಗಿಲು ತಮ್ಮದೆಂದ ಮಾತ್ರಕ್ಕೆ ಹೊರಗೆ ನಿಂತವರಿಗೆ ಉತ್ತರ ಹೇಳಬಾರದೆಂದೇನೂ ಇಲ್ಲವಲ್ಲ.

ಈಗ ಫಲಕ. ‘ವೀಸಾ ತಿರಸ್ಕೃತರಿಗೆ’ ಎಂದು ದಯವಿಟ್ಟು ಬರೆಯಬೇಡಿ. ಸಂಸ್ಕೃತದ ‘ತಿರಸ್’ ಎಂದರೆ ಮರೆಗೆ, ಅಡ್ಡಕ್ಕೆ ಎಂದು ನಿಘಂಟು ತೆರೆದು ನನಗೆ ತೋರಿಸುವವರಿದ್ದಾರೆ. ಕನ್ನಡದ ಕಿವಿಗೆ ತಿರಸ್ಕಾರ ಎಂದರೆ ತುಚ್ಛೀಕಾರವೇ. ‘ಅನರ್ಹ’ ಇನ್ನೂ ಕೆಟ್ಟದು. ‘ವೀಸಾ ವಂಚಿತರು’ ಪತ್ರಿಕೆಗಳಿಗೆ ಪ್ರಿಯ, ಆದರೆ ಅದು ನೆರವು ಕೇಳಿ ಬಂದವರಿಗೆ ಮೊದಲೇ ಹಣೆಪಟ್ಟಿ ಕಟ್ಟುತ್ತದೆ. ‘ವೀಸಾ ಸಿಗದವರಿಗೆ ಸಲಹೆ’ ಸಾಕು. ಓದಲು ಬಾರದವರಿಗೆ ಓದಿ ಹೇಳಿದರೂ ಅರ್ಥವಾಗುತ್ತದೆ.

ವೀಸಾ ಬದಲು ‘ರಹದಾರಿ’ ಬಳಸಿ ಕನ್ನಡ ಉಳಿಸಿ ಎಂದವರಿಗೆ: ರಹದಾರಿ ಪಾರಸಿ. ವೀಸಾ ಲ್ಯಾಟಿನ್ ಮೂಲದ್ದು. ಅರ್ಜಿ ಅರಬಿಯಿಂದ ಬಂದದ್ದು. ಮೂರರಲ್ಲಿ ಒಂದನ್ನು ಮನೆಯವನೆಂದೂ ಇನ್ನೊಂದನ್ನು ಪರದೇಶಿಯೆಂದೂ ಕರೆಯಲು ಯಾವ ಆಧಾರವೂ ಇಲ್ಲ. ವೀಸಾ ಎಂದರೆ ಬೆಂಗಳೂರಿನ ಲಗ್ಗೆರೆಯಂಥ ದುಡಿಯುವವರ ಬಡಾವಣೆಯಲ್ಲೂ ತಿಳಿಯುತ್ತದೆ. ರಹದಾರಿ ಎಂದರೆ ಲಾರಿಯ ಪರ್ಮಿಟ್ ಎಂದುಕೊಳ್ಳುತ್ತಾರೆ. ಈ ವಾದ ಮುಂದುವರಿಸುವವರು ಬೇರೆ ಶೀರ್ಷಿಕೆಯಲ್ಲಿ ಮುಂದುವರಿಸಲಿ.

ಕರಪತ್ರಕ್ಕೆ ನನ್ನ ಸಾಲುಗಳು: ‘ನೀವು ಮರಳಿ ಬರುತ್ತೀರೆಂದು ಅಧಿಕಾರಿಗೆ ಮನದಟ್ಟಾಗಲಿಲ್ಲ. ಇಲ್ಲಿನ ಕೆಲಸ, ಮನೆ, ಕುಟುಂಬದ ನಂಟನ್ನು ತೋರಿಸುವುದು ನಿಮ್ಮ ಹೊಣೆ. ಮತ್ತೆ ಅರ್ಜಿ ಹಾಕಬಹುದು. ಶುಲ್ಕವನ್ನು ಮತ್ತೆ ಕಟ್ಟಬೇಕು, ಅದು ವಾಪಸಾಗುವುದಿಲ್ಲ.’ ಕೊನೆಯ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ವೀಸಾ ಸೇವೆ ಜೊತೆಗೇ ಬರಲಿಲ್ಲ. ಆದ್ದರಿಂದ ಸಂದರ್ಶನಕ್ಕೆ ಚೆನ್ನೈ ಅಥವಾ ಹೈದರಾಬಾದಿಗೆ ಹೋಗಿಬರುವ ಖರ್ಚಿನ ಬಗ್ಗೆಯೂ ಒಂದು ಸಾಲು ಸೇರಿಸಿ.