ಡ್ರೆಸ್ಡನ್‌ನಿಂದ ಪ್ರಾಗ್‌ಗೆ ಒಂದೇ ದಿನ, ಆರು ಜನ: ಏನು ನೋಡೋದು, ಏನು ಬಿಡೋದು?

ಹೊಳೆಬಾಗಿಲು:
ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ಒಂದು ಶನಿವಾರ ನಾವು ಆರು ಜನ ಗೆಳೆಯರು ಡ್ರೆಸ್ಡನ್‌ನಿಂದ ರೈಲಲ್ಲಿ ಪ್ರಾಗ್‌ಗೆ ಹೋಗಿ ಅವತ್ತೇ ವಾಪಸ್ ಬರೋ ಯೋಚನೆ. ತಲುಪೋದು ಹತ್ತರ ಸುಮಾರು, ಹೊರಡೋದು ಸಂಜೆ ಆರೂವರೆ. ಕೋಟೆ, ಚಾರ್ಲ್ಸ್ ಸೇತುವೆ, ಖಗೋಳ ಗಡಿಯಾರ, ಯಹೂದಿ ಕೇರಿ ನಾಲ್ಕೂ ಆಗುತ್ತಾ? ಒಬ್ಬನಿಗೆ ಮಂಡಿನೋವು, ಮೆಟ್ಟಿಲು ಆಗಲ್ಲ. ಇಬ್ಬರು ಮೊಟ್ಟೆನೂ ಮುಟ್ಟಲ್ಲ. ಅಲ್ಲಿ ಯೂರೋ ನಡೆಯುತ್ತಾ?

ಪಶ್ಚಿಮವಾಹಿನಿ:
ಯಹೂದಿ ಕೇರಿಯನ್ನು ಈಗಲೇ ಪಟ್ಟಿಯಿಂದ ತೆಗೀರಿ. ಶನಿವಾರ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಅಲ್ಲಿನ ಮ್ಯೂಸಿಯಂ, ಹಳೇ ಸ್ಮಶಾನ ಎಲ್ಲ ಬಂದ್. ಉಳಿದ ಮೂರು ಆರಾಮಾಗಿ ಆಗುತ್ತೆ, ಆದರೆ ಮೇಲಿಂದ ಕೆಳಕ್ಕೆ ಬರಬೇಕು. ಹೆಚ್ಚಿನವರು ಗಡಿಯಾರದಿಂದ ಶುರುಮಾಡಿ, ಮಧ್ಯಾಹ್ನ ಕೋಟೆಯ ಏರು ಹತ್ತುವಷ್ಟರಲ್ಲಿ ಸುಸ್ತಾಗಿರ್ತಾರೆ. ನೀವು ಉಲ್ಟಾ ಮಾಡಿ.

ರೈಲು ಮೊದಲು ಹೊಲೆಶೊವಿತ್ಸೆ ಸ್ಟೇಷನ್ನಲ್ಲಿ ನಿಲ್ಲುತ್ತೆ. ಪ್ರಾಗ್ ಅಂತ ಬೋರ್ಡ್ ನೋಡಿ ಅಲ್ಲೇ ಇಳೀಬೇಡಿ, ನಿಮಗೆ ಬೇಕಾದ್ದು ಹ್ಲಾವ್ನಿ ನಾದ್ರಾಝಿ, ಅಂದರೆ ಮುಖ್ಯ ನಿಲ್ದಾಣ. ಅಲ್ಲಿಂದ ಮೆಟ್ರೋ ಸಿ ಲೈನಲ್ಲಿ ಒಂದೇ ಸ್ಟಾಪ್ ಮುಝೇಉಮ್, ಅಲ್ಲಿ ಎ ಲೈನಿಗೆ ಬದಲಾಯಿಸಿ ಮೂರನೇ ಸ್ಟಾಪ್ ಮಾಲೊಸ್ತ್ರಾನ್ಸ್ಕಾ. ಮೇಲೆ ಬಂದರೆ 22ನೇ ನಂಬರ್ ಟ್ರಾಮ್. ಮಾಲೊಸ್ತ್ರಾನ್ಸ್ಕಾದಿಂದ ಕೋಟೆಗೆ ನೇರ ಮೆಟ್ಟಿಲ ದಾರಿಯೂ ಇದೆ. ನಿಮ್ಮ ಗೆಳೆಯನಿಗೆ ಅದರ ಸುದ್ದಿಯೇ ಬೇಡ. 'ಪ್ರಾಝ್ಸ್ಕಿ ಹ್ರಾದ್' ಸ್ಟಾಪಲ್ಲಿ ಇಳಿದರೆ ಐದು ನಿಮಿಷ ಹೆಚ್ಚುಕಮ್ಮಿ ಸಮತಟ್ಟು ದಾರಿ, ಉತ್ತರದ ಬಾಗಿಲಿಂದ ಒಳಗೆ. ಉಳಿದವರು ಎರಡು ಸ್ಟಾಪ್ ಮುಂದೆ ಪೊಹೊರ್ಝೆಲೆತ್ಸ್‌ನಲ್ಲಿ ಇಳಿದು ಇಳಿಜಾರಲ್ಲಿ ನಡೆದು ಬಂದರೆ ಊರಿನ ಕೆಂಪು ಹೆಂಚಿನ ಸೂರೆಲ್ಲ ಕಾಣುತ್ತೆ.

ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರಬಹುದು. 12 ಗಂಟೆಗೆ ಕಾವಲು ಬದಲಾಗೋ ಕಾರ್ಯಕ್ರಮ, ಅದಕ್ಕಾಗಿ ಪಶ್ಚಿಮದ ಮುಂಬಾಗಿಲಲ್ಲಿ ಹನ್ನೊಂದೂವರೆಯಿಂದಲೇ ಜನ ಜಮಾಯಿಸ್ತಾರೆ. ಹನ್ನೊಂದರೊಳಗೆ ಒಳಗಿದ್ದರೆ ಆ ತಲೆನೋವಿಲ್ಲ. ಅಂಗಳ ಸುತ್ತಲು ದುಡ್ಡಿಲ್ಲ, ಕಟ್ಟಡಗಳಿಗೆ ಟಿಕೆಟ್. ಸಂತ ವಿಟಸ್ ಕೆಥೆಡ್ರಲ್‌ಗೆ ಅಡಿಗಲ್ಲು ಹಾಕಿದ್ದು 1344ರಲ್ಲಿ, ಪೂರ್ತಿಯಾಗಿದ್ದು 1929ರಲ್ಲಿ. ಹಳೇ ಅರಮನೆಯಲ್ಲಿ ವ್ಲಾದಿಸ್ಲಾವ್ ಸಭಾಂಗಣ ನೋಡಿ. ಪಕ್ಕದ ಕೋಣೆಯ ಕಿಟಕಿಯಿಂದಲೇ 1618ರಲ್ಲಿ ಚಕ್ರವರ್ತಿಯ ಅಧಿಕಾರಿಗಳನ್ನು ಎತ್ತಿ ಹೊರಗೆಸೆದದ್ದು, ಮೂವತ್ತು ವರ್ಷಗಳ ಯುದ್ಧಕ್ಕೆ ಕಿಡಿ ಬಿದ್ದದ್ದು. ಕೋಟೆಯೊಳಗಿನ ಪುಟ್ಟ ಮನೆಗಳ ಓಣಿ ಗೋಲ್ಡನ್ ಲೇನ್ ಶನಿವಾರ ಜಾತ್ರೆ. ಟಿಕೆಟ್ಟಲ್ಲಿ ಸೇರಿರುತ್ತೆ ಅಂತ ನುಗ್ಗಬೇಡಿ, ಗಿಜಿಗಿಜಿ ಕಂಡರೆ ಬಿಡಿ.

ಒಂದೂವರೆಗೆ ಇಳೀರಿ. ಮಂಡಿನೋವಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ, ನೆರುದೊವಾ ಬೀದಿ ಕಡಿದಾದ ಕಲ್ಲುಹಾಸು. ಅವರು ಅದೇ 22ರಲ್ಲಿ ಮಾಲೊಸ್ತ್ರಾನ್ಸ್ಕೆ ನಾಮೆಸ್ತಿ ಚೌಕಕ್ಕೆ ಬರಲಿ, ನೀವು ನಡೆದು ಬನ್ನಿ, ಅಲ್ಲಿ ಸೇರಿ. ಊಟ, ಆಮೇಲೆ ಸೇತುವೆ, ನಾಲ್ಕರ ಹೊತ್ತಿಗೆ ಗಡಿಯಾರ. ಅಲ್ಲಿಂದ ನಿಲ್ದಾಣಕ್ಕೆ ನಡೆದರೆ ಇಪ್ಪತ್ತು ನಿಮಿಷ.

ಮೆಟ್ರೋ, ಟ್ರಾಮ್ ಟಿಕೆಟ್: 24 ಗಂಟೆಯದನ್ನೇ ತಗೊಳ್ಳಿ, ಲೆಕ್ಕ ಹಾಕೋ ಗೋಜಿಲ್ಲ. ಕಾಗದದ ಟಿಕೆಟ್ಟನ್ನು ಮೆಟ್ರೋ ಎಸ್ಕಲೇಟರ್‌ಗೆ ಮುಂಚೆ ಇರೋ ಡಬ್ಬಿಯಲ್ಲಿ ತೂರಿಸಿ ಮುದ್ರೆ ಒತ್ತಿಸಬೇಕು, ಒಮ್ಮೆ ಮಾತ್ರ. ಮುದ್ರೆ ಇಲ್ಲದ ಟಿಕೆಟ್ ಜೇಬಲ್ಲಿದ್ದರೂ ದಂಡವೇ. ಆ್ಯಪಲ್ಲಿ ಕೊಂಡರೆ ಆ್ಯಕ್ಟಿವೇಟ್ ಆಗಲು ಸ್ವಲ್ಪ ಹೊತ್ತು ಬೇಕು. ಟ್ರಾಮ್ ಹತ್ತಿದ ಮೇಲೆ ಒತ್ತಿದರೆ ಮಫ್ತಿಯ ಇನ್‌ಸ್ಪೆಕ್ಟರ್ ಕೈಗೆ ಸಿಕ್ಕಂಗೆ.

ಉಪ್ಪುಸಾರು:
ದುಡ್ಡು, ಊಟ ಎರಡಕ್ಕೆ ನಾನು ಹೇಳ್ತೀನಿ.

ನಾಣ್ಯ ಕೊರುನಾ. ಯೂರೋ ಕೆಲವು ಅಂಗಡಿಯವರು ತಗೋತಾರೆ, ಆದರೆ ಅವರ ರೇಟಿಗೆ. ಕಾರ್ಡ್ ಹೆಚ್ಚುಕಮ್ಮಿ ಎಲ್ಲ ಕಡೆ ನಡೆಯುತ್ತೆ. ಎಟಿಎಂ ಬೇಕಾದರೆ ಬ್ಯಾಂಕಿನ ಗೋಡೆಗೆ ಹೊಂದಿಕೊಂಡಿರೋದನ್ನೇ ನೋಡಿ. ಪರದೆ ಮೇಲೆ 'ನಿಮ್ಮ ಕರೆನ್ಸಿಗೆ ಪರಿವರ್ತಿಸಲೇ' ಅಂತ ಕೇಳಿದರೆ ಬೇಡ ಅನ್ನಿ, ಕೊರುನಾದಲ್ಲೇ ಕಡಿತವಾಗಲಿ. ದುಡ್ಡು ಬದಲಾಯಿಸೋ ಅಂಗಡಿಗಳ 'ಕಮಿಷನ್ ಸೊನ್ನೆ' ಅನ್ನೋ ಬೋರ್ಡ್ ನಂಬಬೇಡಿ, ಕಮಿಷನ್ ಇಲ್ಲದಿದ್ದರೂ ರೇಟಲ್ಲೇ ಸುಲೀತಾರೆ. ಮೋಸ ಹೋದರೂ ರಸೀದಿ ಇಟ್ಕೊಳ್ಳಿ: 2019ರಿಂದ ಇರೋ ಕಾನೂನಿನಂತೆ 1000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ಬೀದೀಲಿ ಯಾರಾದರೂ ಒಳ್ಳೇ ರೇಟ್ ಅಂತ ಬಂದರೆ ಮಾತೇ ಆಡಬೇಡಿ, ಕೈಗೆ ಬರೋದು ಬೇರೆ ಯಾವುದೋ ದೇಶದ ಹಳೇ ನೋಟು.

ಮೊಟ್ಟೆ ವಿಷಯಕ್ಕೆ ಬಂದರೆ ತೊಂದರೆ ಇರೋದು ಮಾಂಸದಲ್ಲಲ್ಲ, ಸಸ್ಯಾಹಾರ ಅಂತ ಕೊಡೋದರಲ್ಲಿ. ಸ್ಮಾಝೆನಿ ಸಿರ್ ಅಂದರೆ ಕರಿದ ಚೀಸ್. ಅದನ್ನು ಮೈದಾ, ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರೀತಾರೆ. ಬ್ರಾಂಬೊರಾಕ್ ನೋಡೋಕೆ ನಮ್ಮ ಆಲೂಗಡ್ಡೆ ರೊಟ್ಟಿ ಥರ, ಹಿಟ್ಟು ಹಿಡಿದು ನಿಲ್ಲಿಸೋದು ಮೊಟ್ಟೆ. ಕ್ನೆದ್ಲಿಕಿ, ಅಂದರೆ ಬೇಯಿಸಿದ ಹಿಟ್ಟಿನ ಉಂಡೆ, ಅದರಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುತ್ತೆ. ಬೆಳ್ಳುಳ್ಳಿ ಸೂಪ್ ಅಂತ ಆಸೆಪಟ್ಟರೆ ಅದರ ನೀರು ಎಷ್ಟೋ ಕಡೆ ಮಾಂಸದ್ದು. 'ಬೆಝ್ ಮಾಸಾ, ಬೆಝ್ ವಾಯೆಟ್ಸ್' ಅಂದರೆ ಮಾಂಸ ಬೇಡ, ಮೊಟ್ಟೆ ಬೇಡ. ಫೋನಲ್ಲಿ ಬರೆದು ತೋರಿಸಿ. ಆ ಇಬ್ಬರಿಗೆ ಫಲಾಫೆಲ್, ಪಿಜ್ಜಾ ಅಥವಾ ಇಂಡಿಯನ್ ಹೋಟೆಲೇ ನಿಶ್ಚಿಂತೆ.

ಬಿಲ್ ಬೇರೆ ಬೇರೆ ಬೇಕಾದರೆ 'ಜ್ವ್ಲಾಶ್ತ್' ಅಂದರೆ ಸಾಕು, ಮುಖ ಗಂಟಿಕ್ಕಲ್ಲ. ಓಲ್ಡ್ ಟೌನ್ ಚೌಕದಲ್ಲಿ ಹಂದಿ ತೊಡೆ ಸುಡೋ ಗಾಡಿಗಳಲ್ಲಿ ಬೋರ್ಡಿನ ಬೆಲೆ 100 ಗ್ರಾಂಗೆ. ಎಷ್ಟು ಗ್ರಾಂ ಅಂತ ಮೊದಲೇ ಹೇಳದಿದ್ದರೆ ದೊಡ್ಡ ತುಂಡೇ ಕಡಿದು ತಟ್ಟೆಗೆ ಹಾಕ್ತಾರೆ.

ಹೊಳೆಬಾಗಿಲು:
ಬಹಳ ಉಪಕಾರ ಆಯ್ತು. ಗಡಿಯಾರ ಅಷ್ಟೇನಿಲ್ಲ, ಒಂದು ನಿಮಿಷದ ಗೊಂಬೆಯಾಟ ಅಂತ ಕೆಲವರು ಹೇಳ್ತಾರಲ್ಲ, ಬಿಟ್ಟುಬಿಡೋದಾ?

ಘಳಿಗೆಬಟ್ಟಲು:
ಗೊಂಬೆ ಬಿಡಿ, ಗಡಿಯಾರ ಬಿಡಬೇಡಿ. 1410ರದ್ದು. ಬೆಳಿಗ್ಗೆ 9ರಿಂದ ರಾತ್ರಿ 11ರವರೆಗೆ ಗಂಟೆಗೊಮ್ಮೆ ಅಸ್ಥಿಪಂಜರ ಹಗ್ಗ ಎಳೆಯುತ್ತೆ, ಎರಡು ಕಿಟಕಿಯಲ್ಲಿ ಯೇಸುವಿನ ಶಿಷ್ಯರು ಹಾದುಹೋಗ್ತಾರೆ, ಕೊನೆಗೆ ಕೋಳಿ ಕೂಗುತ್ತೆ. ಜನ ಅದನ್ನು ನೋಡಿ ಹೊರಟುಬಿಡ್ತಾರೆ. ನೀವು ಕಾಲುಗಂಟೆ ಬಿಟ್ಟು ಹೋಗಿ, ಮುಂದೆ ಜಾಗ ಸಿಗುತ್ತೆ, ಜೇಬುಗಳ್ಳರ ಕಾಟವೂ ಕಡಿಮೆ.

ಪಂಚಾಂಗ ನೋಡಿ ಬೆಳೆದವರಿಗೆ ಆ ಮುಖಬಿಲ್ಲೆ ಬೇಗ ಅರ್ಥವಾಗುತ್ತೆ. ಅತಿ ಹೊರಗಿನ ಕಪ್ಪು ಉಂಗುರದಲ್ಲಿ ಹಳೇ ಗೋಥಿಕ್ ಅಂಕಿಗಳು, 1ರಿಂದ 24. ನಮ್ಮ ಘಳಿಗೆಯ ಎಣಿಕೆ ಸೂರ್ಯೋದಯದಿಂದ, ಇದು ಸೂರ್ಯಾಸ್ತದಿಂದ. ಚಿನ್ನದ ಕೈ ಅಲ್ಲಿ 18 ತೋರಿಸಿದರೆ ಹೊತ್ತು ಮುಳುಗಲು ಇನ್ನು ಆರು ಗಂಟೆ. ಸೂರ್ಯಾಸ್ತ ದಿನದಿನಕ್ಕೂ ಸರಿಯೋದರಿಂದ ಆ ಉಂಗುರವೂ ವರ್ಷವಿಡೀ ಹಿಂದೆಮುಂದೆ ಸರಿಯುತ್ತೆ. ಒಳಗೆ ಬಾಗಿದ ಚಿನ್ನದ ಗೆರೆಗಳಿವೆ, 1ರಿಂದ 12: ಹಗಲು ಎಷ್ಟೇ ಉದ್ದವಿರಲಿ, ಹನ್ನೆರಡೇ ಪಾಲು. ರಾಹುಕಾಲಕ್ಕೆ ಹಗಲನ್ನು ಎಂಟು ಪಾಲು ಮಾಡ್ತೀವಲ್ಲ, ಅದೇ ಉಪಾಯ. ಬೇಸಿಗೆಯ ಒಂದು 'ಗಂಟೆ' ಚಳಿಗಾಲದ್ದಕ್ಕಿಂತ ಉದ್ದ.

ರಾಶಿಚಕ್ರದ ಉಂಗುರದ ಮೇಲೆ ಸೂರ್ಯನ ಬಿಂಬ, ಚಂದ್ರನ ಗೋಲ ಎರಡೂ ಇವೆ. ಗೋಲ ಅರ್ಧ ಕಪ್ಪು ಅರ್ಧ ಬೆಳ್ಳಿ, ತಾನೇ ತಿರುಗಿ ಶುಕ್ಲ ಕೃಷ್ಣ ಪಕ್ಷ ತೋರಿಸುತ್ತೆ. ರಾಶಿ ಮಾತ್ರ ನಮ್ಮ ಪಂಚಾಂಗಕ್ಕೆ ತಾಳೆಯಾಗಲ್ಲ: ಇದು ಸಾಯನ, ಅಂದರೆ ವಿಷುವದಿಂದ ರಾಶಿ ಎಣಿಸೋ ಲೆಕ್ಕ, ಸೂರ್ಯ ಮೇಷಕ್ಕೆ ಬರೋದು ಮಾರ್ಚ್ 21ರ ಸುಮಾರಿಗೆ, ನಮ್ಮಲ್ಲಿ ಏಪ್ರಿಲ್ 14ಕ್ಕೆ. ಮೇಲಿನ ಗೋಪುರಕ್ಕೆ ಲಿಫ್ಟ್ ಇದೆ, ಮಂಡಿನೋವಿನ ಗೆಳೆಯನೂ ಬರಬಹುದು.

ಪಶ್ಚಿಮವಾಹಿನಿ:
ವಾಪಸ್ ಬರುವಾಗ ಒಂದು ವಿಷಯ. ಬೋರ್ಡಲ್ಲಿ ಡ್ರೆಸ್ಡನ್ ಅಂತ ಹುಡುಕಬೇಡಿ. ಕೊನೆಯ ಊರು ಬರ್ಲಿನ್ ಅಂತಲೋ ಹ್ಯಾಂಬರ್ಗ್ ಅಂತಲೋ ಇರುತ್ತೆ, ಡ್ರೆಸ್ಡನ್‌ಗೆ ಚೆಕ್ ಹೆಸರೇ ಬೇರೆ, ದ್ರಾಜ್ದ್ಯಾನಿ. ರೈಲು ನಂಬರ್ ಬರೆದಿಟ್ಕೊಳ್ಳಿ. ಪ್ಲಾಟ್‌ಫಾರಂ ತೋರಿಸೋದು ಕೊನೇ ಗಳಿಗೆಯಲ್ಲಿ, ಆರು ಜನವೂ ಒಂದೇ ಕಡೆ ನಿಂತಿರಿ. ಜರ್ಮನಿ ಗಡೀಲಿ ಪೊಲೀಸರು ಹತ್ತೋದುಂಟು. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ಮೂಲಪ್ರತಿಯೇ ಇರಲಿ, ಫೋನಲ್ಲಿರೋ ಫೋಟೋ ಸಾಲದು.