ಸಹಾಯ ಬೇಕು: ಕಡಲ ಬದಿಯ ಹಂಚಿನ ಮನೆಗೆ ಯಾವ ಏಸಿ?

ನಮ್ಮದು ಕುಂಬಳೆ ಸಮೀಪದ ಹಳೆಯ ಹಂಚಿನ ಮನೆ. ಎಂಬತ್ತು ದಾಟಿದ ಅಮ್ಮನಿಗೆ ಈ ಸೆಕೆಯಲ್ಲಿ ರಾತ್ರಿ ನಿದ್ದೆಯೇ ಇಲ್ಲ. ಬೆವರಿ ಎದ್ದು ಕೂರುತ್ತಾರೆ, ನೋಡಲಾಗುವುದಿಲ್ಲ.

ಕಳೆದ ವರ್ಷ ಬಯಲುಸೀಮೆಯ ನೆಂಟರ ಮಾತು ಕೇಳಿ ಏರ್ ಕೂಲರ್ ತಂದೆವು. ನೀರು ಆವಿಯಾದರೆ ಮಾತ್ರ ಅದು ತಂಪು ಕೊಡುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವಾಗ ನೀರು ಆವಿಯಾಗುವುದಾದರೂ ಹೇಗೆ? ಕೋಣೆ ಇನ್ನಷ್ಟು ಜಿಗುಟಾಯಿತು, ಹಾಸಿಗೆಗೆ ಮುಗ್ಗಲು ವಾಸನೆ ಹಿಡಿಯಿತು.

ಚಕ್ರದ ಪೋರ್ಟಬಲ್ ಏಸಿಯನ್ನೂ ವಿಚಾರಿಸಿದೆ. ಒಂದೇ ಕೊಳವೆಯದು ಕೋಣೆಯ ಗಾಳಿಯನ್ನೇ ಹೊರಗೆ ದೂಡುತ್ತದೆ. ಆ ಜಾಗಕ್ಕೆ ಹಂಚಿನ ಸಂದಿಯಿಂದ ಬಿಸಿಗಾಳಿ ನುಗ್ಗುತ್ತದೆ. ಕಂಪ್ರೆಸರ್‌ನ ಸದ್ದೂ ಕೋಣೆಯೊಳಗೇ. ಕಿಟಕಿಯ ಏಸಿಗೆ ಅಜ್ಜನ ಕಾಲದ ಹಲಸಿನ ಕಿಟಕಿಯನ್ನು ಕೊಯ್ಯಬೇಕು, ಮನಸ್ಸು ಒಪ್ಪುತ್ತಿಲ್ಲ.

ಉಳಿದದ್ದು ಸ್ಪ್ಲಿಟ್. ಆದರೆ ಉಪ್ಪುಗಾಳಿಗೆ ಹೊರಗಿನ ಘಟಕ ಬೇಗ ಸವೆಯುತ್ತದೆ, ಸಂಜೆಯಾದರೆ ನಮ್ಮಲ್ಲಿ ವೋಲ್ಟೇಜ್ ಇಳಿಯುತ್ತದೆ.

ಮಂಜೇಶ್ವರ, ಉಪ್ಪಳ, ಕಾಸರಗೋಡಿನ ಕಡಲ ಬದಿಯವರು ದಯವಿಟ್ಟು ತಿಳಿಸಿ: ತಾಮ್ರದ ಕಾಯಿಲ್ ನಿಮ್ಮಲ್ಲಿ ಎಷ್ಟು ವರ್ಷ ಬಾಳಿತು? ಸ್ಟೆಬಿಲೈಸರ್ ಬೇರೆಯಾಗಿ ಹಾಕಿಸಿದಿರಾ? 10 ಅಡಿಗೆ 12 ಅಡಿಯ ಕೋಣೆಗೆ 1 ಟನ್ ಸಾಕೇ? ಎಲ್ಲಕ್ಕಿಂತ ಮುಖ್ಯವಾಗಿ, ಹಂಚಿನಡಿಗೆ ಯಾವ ಮುಚ್ಚಿಗೆ ಮಾಡಿಸಿದರೆ ತಂಪು ಸೋರುವುದಿಲ್ಲ? ಮುಂದಿನ ವಾರವೇ ಕೆಲಸ ಶುರು ಮಾಡಿಸಬೇಕೆಂದಿದ್ದೇನೆ.